ಬೆಂಕಿ ಬಿದ್ದಾಗ ಮಾತ್ರ

ಪುಟ್ಟಗಂಗಮ್ಮನನ್ನು ತೆಂಗಿನ ಮರಕ್ಕೆ ಕಟ್ಟಿ ಹೊಡೆದದ್ದು, ಅವಳು ಉರಿಯುವ ಮನೆಯಿಂದ ಒಂದು ಜೀವವನ್ನು ಹೊತ್ತು ತಂದ ಮಾರನೆಯ ಬೆಳಿಗ್ಗೆ.

ಜಾಲಿಗುಂಟೆಗೆ ಇದು ಹೊಸದಲ್ಲ. ಗುಬ್ಬಿಯಿಂದ ಒಳಕ್ಕೆ, ಬಸ್ಸು ಬೆಳಿಗ್ಗೆ ಸಂಜೆ ಮುಖ ತೋರಿಸಿ ಹೋಗುವ ಊರು. ಮೇಲ್ಗಡೆ ತೆಂಗಿನ ತೋಟದವರ ಬೀದಿ. ಕೆಳಗೆ, ಕೆರೆ ಏರಿಯ ಮಗ್ಗುಲಿಗೆ ಕಾಲೋನಿ. ಮೇಲೆ ಬೆಂಕಿ ಬಿದ್ದರೆ ಕೆಳಗಿನವರು ಓಡಬೇಕು. ಆರಿಸಬೇಕು. ಬಂದ ದಾರಿ ಹಿಡಿಯಬೇಕು. ಆರಿಸಿದ್ದಕ್ಕೆ ಏಟು ತಿನ್ನುವುದೂ ಉಂಟು.

ಆ ಏಟನ್ನು ಮೊದಲು ತಿಂದವನು ಅವಳ ಮಾವ ವೆಂಕಟಯ್ಯ. ಆಗಿನ್ನೂ ಪಂಪು ಬಂದಿರಲಿಲ್ಲ. ಬೆಂಕಿಗೆ ಬಿಂದಿಗೆಯೇ ಗತಿ. ಬಾವಿ ಮೇಲಿನ ಬೀದಿಯದು, ಅದರ ಹಗ್ಗವನ್ನು ಕಾಲೋನಿಯವರು ಮುಟ್ಟುವಂತಿರಲಿಲ್ಲ. ಮನೆ ಹತ್ತಿ ಉರಿಯುವ ಹೊತ್ತಿನಲ್ಲೂ ಬೀದಿಯವರು ಸೇದಿ ಮೇಲಿನಿಂದ ಸುರಿಯುತ್ತಿದ್ದರು, ಕಾಲೋನಿಯವರು ಕೆಳಗೆ ಬಿಂದಿಗೆ ಒಡ್ಡಿ ತುಂಬಿಸಿಕೊಂಡು ಓಡುತ್ತಿದ್ದರು. ಒಂದು ಸಲ, ಈಗ ಆ ಬೀದಿಗೆ ಯಜಮಾನನಾಗಿರುವ ಷಡಕ್ಷರಿಯ ಅಪ್ಪನ ಹುಲ್ಲಿನ ಬಣವೆಗೆ ಬೆಂಕಿ ತಗುಲಿತು. ಸೇದುತ್ತಿದ್ದವನು ಹೊಗೆ ಕುಡಿದು ಕುಸಿದ. ವೆಂಕಟಯ್ಯ ಹಿಂದೆ ಮುಂದೆ ನೋಡದೆ ಹಗ್ಗಕ್ಕೆ ಕೈ ಹಾಕಿದ. ಅಂಗೈ ಸುಲಿಯುವ ತನಕ ಸೇದಿದ. ಬಣವೆ ಹೋಯಿತು, ಮನೆ ಉಳಿಯಿತು. ಮಾರನೆಯ ದಿನ ಅವನನ್ನು ಬಾವಿ ಕಟ್ಟೆಯ ಮುಂದೆ ಮಂಡಿಯೂರಿಸಿದರು. ಅದೇ ಹಗ್ಗವನ್ನು ನೆನೆಸಿ ಬೆನ್ನಿಗೆ ಬಾರಿಸಿದರು. ಬಾವಿಯ ನೀರನ್ನೆಲ್ಲ ಎತ್ತಿ ಚೆಲ್ಲಿದರು.

ಪಂಪು ಬಂದದ್ದು ಪುಟ್ಟಗಂಗಮ್ಮ ಕುಣಿಗಲ್ ಕಡೆಯ ಕೊತ್ತಗೆರೆಯಿಂದ ಮದುವೆಯಾಗಿ ಬಂದ ವರ್ಷ. ಮೇಲಿನ ಬೀದಿಯಲ್ಲಿ ಒಂದು ಸಾಲಿನ ಮನೆಗಳು ಉರಿದುಹೋದವು. ಪೇಟೆಯಿಂದ ಗಂಟೆ ಬಾರಿಸುತ್ತ ಬಂದ ವಾಹನ ಬೂದಿಗೆ ನೀರು ಹೊಡೆದು ಹೋಯಿತು; ಅಷ್ಟು ದೂರದಿಂದ ಬರುವುದರೊಳಗೆ ಉಳಿಯುವುದಾದರೂ ಏನು. ಊರವರು ವಂತಿಗೆ ಎತ್ತಿ ಹಳೆಯ ಡೀಸೆಲ್ ಪಂಪೊಂದನ್ನು ತಂದರು. ಎರಡು ಗಾಲಿಯ ಟ್ರಾಲಿಯ ಮೇಲೆ ಕೂರಿಸಿದರು. ಡೈರಿ ಪಕ್ಕದ ಶೆಡ್ಡಿನ ಗೋಡೆಗೆ ‘ಜಾಲಿಗುಂಟೆ ಅಗ್ನಿಶಾಮಕ ದಳ’ ಎಂದು ಕೆಂಪಕ್ಷರದಲ್ಲಿ ಬರೆಸಿದರು. ಅಧ್ಯಕ್ಷ ಷಡಕ್ಷರಿ. ಬೀಗದ ಕೈಯೂ ಅವನ ಹತ್ತಿರವೇ. ಪೈಪು ಎಳೆಯುವವರು, ಎಂಜಿನ್ನಿಗೆ ಹ್ಯಾಂಡಲ್ ಹೊಡೆಯುವವರು, ಉರಿಯೊಳಗೆ ನುಗ್ಗುವವರು ಕಾಲೋನಿಯ ಗಂಡಸರು. ಇಲ್ಲ ಎನ್ನುವಂತಿರಲಿಲ್ಲ. ಕೂಲಿಯೆಲ್ಲ ಆ ಬೀದಿಯವರ ತೋಟದಲ್ಲೇ.

ಬರಬರುತ್ತ ಗಂಡಸರು ತುಮಕೂರಿನ ಕಾರ್ಖಾನೆಗಳಿಗೆ ಹೋದರು. ಪುಟ್ಟಗಂಗಮ್ಮನ ಗಂಡ ಬೆಟ್ಟಸ್ವಾಮಿಯೂ ಹೋದ. ಅಲ್ಲಿನ ಮರಳೂರಿನಲ್ಲಿ ನಾಲ್ಕು ಜನ ಸೇರಿ ಒಂದು ರೂಮು, ರಜೆ ಸಿಕ್ಕಾಗ ಊರು. ಹಗಲು ಕಾಲೋನಿಯಲ್ಲಿ ಉಳಿದವರು ಹೆಂಗಸರು ಮತ್ತು ಮುದುಕರು. ಬೆಂಕಿ ಬೀಳುವುದು ಹೆಚ್ಚಾಗಿ ಹಗಲಲ್ಲೇ. ಹೀಗೆ ದಳ ಹೆಂಗಸರ ಕೈಗೆ ಬಂತು. ಸೊಸೆಗೆ ಎಂಜಿನ್ ಚಾಲೂ ಮಾಡುವುದನ್ನು ಹೇಳಿಕೊಟ್ಟವನು ವೆಂಕಟಯ್ಯನೇ. ಮೊದಲ ಸಲ ಪೈಪಿನ ತುದಿಯ ನಾಜಲ್ ಹಿಡಿದಾಗ ನೀರಿನ ರಭಸ ಅವಳನ್ನು ಅಂಗಾತ ಕೆಡವಿತು. ಬೀದಿಯವರು ನಕ್ಕರು. ಆಮೇಲೆ ನಕ್ಕವರ ಮನೆಯ ಬೆಂಕಿಯನ್ನೂ ಅವಳು ಆರಿಸಿದಳು.

ಬೀದಿಯ ಮನೆಗಳ ಒಳಗು ಕಾಲೋನಿಯ ಹೆಂಗಸರಿಗೆ ಕಂಡದ್ದು ಅವು ಉರಿಯುವಾಗ ಮಾತ್ರ. ಅಡುಗೆಮನೆ, ದೇವರಮನೆ, ಬಾಣಂತಿ ಕೋಣೆ, ಎಲ್ಲವನ್ನೂ ಹೊಗೆಯಲ್ಲೇ ಕಂಡಿದ್ದರು. ಆರಿದ ಮೇಲೆ ಹೊಸ್ತಿಲಾಚೆ ನಿಂತು ನೀರು ಕೇಳಿದರೆ ಬೊಗಸೆಗೆ ಸುರಿಯುತ್ತಿದ್ದರು. ಅವರು ತುಳಿದ ಜಾಗಕ್ಕೆಲ್ಲ ಗಂಜಳ ಚಿಮುಕಿಸುತ್ತಿದ್ದರು.

ಶಿವರಾತ್ರಿ ಕಳೆದ ಮೇಲೆ ಷಡಕ್ಷರಿಯ ಮನೆಯ ಕೊಬ್ಬರಿ ಅಟ್ಟಕ್ಕೆ ಬೆಂಕಿ ಬಿತ್ತು. ವೈರು ಸುಟ್ಟು ಕಿಡಿ ಹಾರಿತ್ತು. ಒಣಗಿದ ಕೊಬ್ಬರಿ, ಎಣ್ಣೆ ತುಂಬಿದ್ದು. ಅಟ್ಟದಿಂದ ಉರಿ ತೊಟ್ಟಿಕ್ಕುತ್ತಿತ್ತು. ಪುಟ್ಟಗಂಗಮ್ಮ ತೋಟದಲ್ಲಿ ಸೋಗೆ ಎಳೆಯುತ್ತಿದ್ದವಳು ಡೈರಿಯ ಸೈರನ್ ಕೇಳಿ ಬಿಟ್ಟು ಓಡಿದಳು. ಷಡಕ್ಷರಿ ಅಂಗಳದಲ್ಲಿ ನಿಂತು ಅಟ್ಟಕ್ಕೆ ಹೊಡೀರಿ, ಅಟ್ಟಕ್ಕೆ ಹೊಡೀರಿ ಎಂದು ಕೂಗುತ್ತಿದ್ದ. ಅವನ ಮಗ ಕಿರಣ್‌ಕುಮಾರ್ ಬುಲೆಟ್ ಬೈಕನ್ನು ದೂರಕ್ಕೆ ತಳ್ಳಿ ನಿಲ್ಲಿಸುತ್ತಿದ್ದ. ಅಜ್ಜಿ ಗಂಗಾಂಬಿಕೆ ಕಾಲಿಗೆ ಸ್ವಾಧೀನವಿಲ್ಲದೆ ಒಳಕೋಣೆಯಲ್ಲಿ ಮಲಗಿದ್ದಾಳೆ ಎಂಬುದನ್ನು ಯಾರೂ ಹೇಳಲಿಲ್ಲ. ಒಳಗಿಂದ ಕೆಮ್ಮು ಕೇಳಿ ಪುಟ್ಟಗಂಗಮ್ಮನಿಗೇ ಗೊತ್ತಾಯಿತು.

ಅವಳು ನಾಜಲನ್ನು ಪಕ್ಕದವಳ ಕೈಗಿತ್ತು, ಗೋಣಿಚೀಲ ನೆನೆಸಿ ತಲೆಗೆ ಹಾಕಿಕೊಂಡು ನುಗ್ಗಿದಳು. ಕೋಣೆಯಲ್ಲಿ ಕಣ್ಣು ಕಾಣುತ್ತಿರಲಿಲ್ಲ. ಕೈಯಾಡಿಸಿ ಮುದುಕಿಯನ್ನು ಹುಡುಕಿದಳು, ಬೆನ್ನಿಗೆ ಹಾಕಿಕೊಂಡಳು. ಮುದುಕಿ ಅವಳ ಕುತ್ತಿಗೆಯನ್ನು ಕೂಸಿನಂತೆ ತಬ್ಬಿಕೊಂಡಳು. ನಡುಮನೆ ದಾಟುವಾಗ ಉರಿಯುವ ಕೊಬ್ಬರಿ ಅವಳ ಎಡತೋಳಿನ ಮೇಲೆ ಬಿದ್ದು ಅಂಟಿಕೊಂಡಿತು. ಕೊಡವಿಕೊಳ್ಳಲು ಕೈ ಬಿಡುವಿರಲಿಲ್ಲ. ಹಾಗೇ ಹೊರಗೆ ಬಂದಳು. ತೋಳಿನ ಚರ್ಮ ರವಿಕೆಯ ಜೊತೆ ಕಿತ್ತುಬಂತು.

ಗಂಗಾಂಬಿಕೆಯನ್ನು ಕಾರಿನಲ್ಲಿ ತುಮಕೂರಿಗೆ ಒಯ್ದರು. ಪುಟ್ಟಗಂಗಮ್ಮನ ತೋಳಿಗೆ ವೆಂಕಟಯ್ಯ ಲೋಳೆಸರ ಹಚ್ಚಿದ. ಅತ್ತ ಇಳಿಹೊತ್ತಿಗೆ ಕಿರಣ್‌ಕುಮಾರ್ ಬೀದಿಯಲ್ಲಿ ನಿಂತು ಅಜ್ಜಿಯ ಚಿನ್ನದ ಸರ ಕಾಣೆಯಾಗಿದೆ ಅಂದ. ಕೋಣೆಗೆ ಹೋದವಳು ಒಬ್ಬಳೇ ಅಂದ.

ಬೆಳಗಾಗುತ್ತಲೇ ಅವನು ನಾಲ್ಕೈದು ಜನರ ಜೊತೆ ಕಾಲೋನಿಗೆ ಇಳಿದ. ಪುಟ್ಟಗಂಗಮ್ಮನ ಮನೆಯ ರಾಗಿ ಮಡಕೆಯನ್ನು ಒಡೆದು ಹುಡುಕಿದರು. ಟ್ರಂಕು ಮಗುಚಿದರು. ಅವಳ ಸುಟ್ಟ ತೋಳನ್ನೇ ಹಿಡಿದು ಮೇಲಿನ ಬೀದಿಗೆ ಎಳೆದುಕೊಂಡು ಹೋದರು. ಪಂಪಿನ ಶೆಡ್ಡಿನ ಮುಂದಿನ ತೆಂಗಿನ ಮರಕ್ಕೆ ಕಟ್ಟಿದರು.

“ಎಲ್ಲಿಟ್ಟಿದ್ಯೇ?” ಅಂದ ಕಿರಣ್‌ಕುಮಾರ್.

“ನಾನು ನಿಮ್ಮಜ್ಜೀನ ಹೊತ್ಕೊಂಡ್ ಬಂದೆ. ಬ್ಯಾರೆ ಏನೂ ತರ್ಲಿಲ್ಲ.”

ಅವನು ತೆಂಗಿನ ಮಟ್ಟೆಯಿಂದ ಹೊಡೆದ. ಮೊಣಕಾಲಿಗೆ, ತೊಡೆಗೆ, ಬೆನ್ನಿಗೆ. ಮಟ್ಟೆ ಸೀಳಿದಾಗ ಇನ್ನೊಂದು ತಂದುಕೊಟ್ಟರು. ಸುಟ್ಟ ತೋಳಿನ ಮೇಲೆ ಏಟು ಬಿದ್ದಾಗ ಅವಳಿಗೆ ಉಚ್ಚೆ ಹೋಯಿತು. ಯಾರೋ ನಕ್ಕರು. ನೆರೆದವರಲ್ಲಿ ಅರ್ಧ ಜನರ ಮನೆಯ ಬೆಂಕಿಯನ್ನು ಅವಳು ಆರಿಸಿದ್ದಳು. ಅವಳು ಒಬ್ಬೊಬ್ಬರ ಮುಖವನ್ನೂ ನೋಡಿದಳು. ಒಬ್ಬೊಬ್ಬರೂ ಬೇರೆ ಕಡೆ ನೋಡಿದರು. ಷಡಕ್ಷರಿ ಕೊನೆಗೆ ಬಂದು, ಸಾಯ್ಸಬೇಡಿ, ಕೇಸಾಯ್ತದೆ ಅಂದ. ಬಿಚ್ಚಿದರು. ಅವಳು ಇಳಿಜಾರಿನಲ್ಲಿ ಅರ್ಧ ದಾರಿ ತೆವಳಿದಳು.

ಸರದ ವಿಷಯ ತಂದವಳು ಸುಧಾ. ಪುಟ್ಟಗಂಗಮ್ಮನ ಅಕ್ಕನ ಮಗಳು. ಅಪ್ಪ ಅಮ್ಮ ಇಲ್ಲದ್ದರಿಂದ ಚಿಕ್ಕಮ್ಮನ ಮನೆಯಲ್ಲೇ ಬೆಳೆದವಳು. ತುಮಕೂರಿನ ಒಂದು ನರ್ಸಿಂಗ್ ಹೋಮಿನಲ್ಲಿ ಆಯಾ ಕೆಲಸ. ಗಂಗಾಂಬಿಕೆಯನ್ನು ಸೇರಿಸಿದ್ದು ಅಲ್ಲಿಗೇ. ಮುದುಕಿಯ ಸೀರೆ ಬಿಚ್ಚಿದವಳು ಸುಧಾಳೇ. ಸೊಂಟದ ಎಲೆ ಅಡಿಕೆ ಸಂಚಿಯೊಳಗೆ ಸರ ಇತ್ತು. ಅದನ್ನು ಷಡಕ್ಷರಿಯ ಸೊಸೆ ಅನುಪಮಾಳ ಕೈಗೆ ಕೊಟ್ಟಿದ್ದಳು. ಅನುಪಮಾ ಅವಳೆದುರಿಗೇ ಗಂಡ ಕಿರಣ್‌ಕುಮಾರನಿಗೆ ಫೋನ್ ಮಾಡಿ ಹೇಳಿದ್ದಳು. ಅದು ಬೆಂಕಿ ಬಿದ್ದ ದಿನದ ಸಂಜೆ. ಮರಕ್ಕೆ ಕಟ್ಟಿದ್ದು ಮಾರನೆಯ ಬೆಳಿಗ್ಗೆ.

ಪುಟ್ಟಗಂಗಮ್ಮನಿಗೆ ಈಗ ಅರ್ಥವಾಯಿತು. ಗೊತ್ತಿದ್ದೂ ಹೊಡೆದ. ಕಳ್ಳಿ ಎಂಬ ಮಾತನ್ನು ಬೀದಿಯಲ್ಲಿ ಆಡಿಯಾಗಿತ್ತು, ಹಿಂದಕ್ಕೆ ತೆಗೆದುಕೊಂಡರೆ ಅವನ ಮರ್ಯಾದೆ ಹೋಗುತ್ತಿತ್ತು. ಆ ಮರ್ಯಾದೆಗೆ ಅವಳ ಮೈ.

ಅವಳು ವೆಂಕಟಯ್ಯನನ್ನು ಕರೆದುಕೊಂಡು ಷಡಕ್ಷರಿಯ ಅಂಗಳಕ್ಕೆ ಹೋಗಿ ಕೇಳಿದಳು. ಅವನು ಕುರ್ಚಿಯಿಂದ ಏಳಲಿಲ್ಲ.

“ಸಿಕ್ತಲ್ಲ, ಬುಡು ಅತ್ಲಾಗೆ. ನಮ್ದೂ ಮನೆ ಸುಟ್ಟೈತೆ. ತಲೆ ಕೆಟ್ಟಿತ್ತು ಹುಡುಗಂಗೆ.”

ಠಾಣೆಗೆ ಹೋದಳು. ಊರಲ್ಲೇ ಮಾತಾಡಿ ಬಗೆಹರಿಸಿಕೊಳ್ಳಿ, ನಾಳೆ ಕೂಲಿಗೆ ಅವರ ತೋಟಕ್ಕೇ ತಾನೇ ಹೋಗೋದು ಅಂದರು. ದೂರು ತೆಗೆದುಕೊಳ್ಳಲಿಲ್ಲ.

ಯುಗಾದಿ ಆಯಿತು. ಬಿಸಿಲು ಏರಿತು. ಒಂದು ಮಧ್ಯಾಹ್ನ ಷಡಕ್ಷರಿಯ ನಾರಿನ ಫ್ಯಾಕ್ಟರಿಗೆ ಬೆಂಕಿ ಹತ್ತಿತು. ಮನೆಯೆತ್ತರ ಪೇರಿಸಿದ ತೆಂಗಿನ ನಾರು. ಹೊಗೆ ಕೆರೆಯಾಚೆಗೂ ಕಾಣುತ್ತಿತ್ತು. ಸೈರನ್ ಕೂಗಿತು. ಕಾಲೋನಿಯಲ್ಲಿ ಒಬ್ಬ ಹೆಂಗಸೂ ಏಳಲಿಲ್ಲ. ಮತ್ತೆ ಕೂಗಿತು. ಪುಟ್ಟಗಂಗಮ್ಮ ಜಗುಲಿಯಲ್ಲಿ ಕೂತೇ ಇದ್ದಳು. ರಜೆಗೆ ಬಂದಿದ್ದ ಸುಧಾ ಅವಳ ಹತ್ತಿರ ಬಂದಳು.

“ಚಿಕ್ಕವ್ವ, ಫ್ಯಾಕ್ಟರಿ ಹಿಂದ್ಗಡೆ ಶೀಟ್ ಮನೇಲಿ ಒಡಿಶಾದವ್ರು ಅವ್ರೆ. ಮಕ್ಳೂ ಅವೆ.”

ಪುಟ್ಟಗಂಗಮ್ಮ ಎದ್ದಳು. ಅವಳ ಹಿಂದೆ ಎಲ್ಲರೂ ಎದ್ದರು.

ಟ್ರ್ಯಾಕ್ಟರ್ ಪಂಪನ್ನು ಫ್ಯಾಕ್ಟರಿಗೆ ಎಳೆದು ತಂದಿತ್ತು. ಅವಳು ಹ್ಯಾಂಡಲ್ ಹೊಡೆದಳು. ವಾಸಿಯಾಗದ ತೋಳಿನ ಗಾಯ ಬಿರಿದು ಕೀವು ಸುರಿಯಿತು. ಷಡಕ್ಷರಿ ಮೆಷಿನ್ ಶೆಡ್ಡಿನ ಕಡೆ ಕೈ ತೋರಿಸುತ್ತಿದ್ದ. ಅವಳು ಅತ್ತ ತಿರುಗಲಿಲ್ಲ. ಉರಿಯುವ ಎರಡು ರಾಶಿಗಳ ನಡುವಿನ ಓಣಿಗೆ ನೀರು ಹೊಡೆದಳು. ನೀರಿನ ಹಿಂದೆಯೇ ಹೆಂಗಸರು ನುಗ್ಗಿದರು. ಶೀಟುಗಳು ಕಾದು ಸಿಡಿಯುತ್ತಿದ್ದವು. ಒಳಗೆ ಬಾಗಿಲ ಕಡೆ ಬರಲಾರದೆ ಮೂಲೆಯಲ್ಲಿ ಮುದುಡಿದ್ದವರನ್ನು ಕೂದಲು, ಬಟ್ಟೆ, ಕೈ, ಸಿಕ್ಕಿದ್ದನ್ನು ಹಿಡಿದು ಎಳೆದರು. ಮಕ್ಕಳನ್ನು ಸೊಂಟಕ್ಕೆ ಹಾಕಿಕೊಂಡು ಓಡಿದರು. ಒಬ್ಬಳ ಸೆರಗು ಹತ್ತಿಕೊಂಡಿತು, ಪುಟ್ಟಗಂಗಮ್ಮ ನೀರನ್ನು ಅವಳ ಮೈಮೇಲೇ ತಿರುಗಿಸಿದಳು. ಎಲ್ಲರೂ ಬಂದರೇ ಎಂದು ಸುಧಾ ತನಗೆ ಬಂದಷ್ಟು ಹಿಂದಿಯಲ್ಲಿ ಅವರನ್ನು ಕೇಳಿ ಖಾತ್ರಿ ಮಾಡಿಕೊಂಡಳು.

ಆಗ ಪುಟ್ಟಗಂಗಮ್ಮ ಎಂಜಿನ್ ಬಂದ್ ಮಾಡಿದಳು.

ನೀರು ನಿಂತದ್ದು ಕಂಡು ಷಡಕ್ಷರಿ ಓಡಿ ಬಂದ. ಏನಾಯ್ತು, ಡೀಸೆಲ್ ಮುಗೀತಾ ಎಂದು ಕೇಳಿದ.

“ಜೀವ ಎಲ್ಲಾ ಈಚೆ ಬಂದ್ವು. ಇನ್ನು ಉಳಿದಿರೋದು ನಿಮ್ ಮಾಲು,” ಅಂದಳು ಅವಳು. “ನಾವು ಕಳ್ರು. ನಿಮ್ ಮಾಲಿಗೆ ಕೈ ಹಾಕಾಕಿಲ್ಲ.”

ಅವನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಬೈದ. ಆಮೇಲೆ ಬೇಡಿಕೊಂಡ. ಗಂಗಮ್ಮ, ನನ್ ತಾಯಿ ಅಂದ. ಅವನ ಬಾಯಲ್ಲಿ ತನ್ನ ಹೆಸರಿಗೆ ‘ಅಮ್ಮ’ ಸೇರಿದ್ದನ್ನು ಅವಳು ಮೊದಲ ಸಲ ಕೇಳಿದಳು. ಅವಳು ಟ್ರಾಲಿಯ ಕಬ್ಬಿಣಕ್ಕೆ ಒರಗಿ ನಿಂತಿದ್ದಳು. ಹೆಂಗಸರು ಸುತ್ತ ನಿಂತರು. ಬೀದಿಯವರು ಬಕೆಟ್ ಹಿಡಿದುಕೊಂಡು ದೂರದಲ್ಲಿ ನಿಂತಿದ್ದರು. ಅವರಲ್ಲಿ ಒಬ್ಬನೂ ಹತ್ತಿರ ಹೋಗಲಿಲ್ಲ.

ಕಿರಣ್‌ಕುಮಾರ್ ಸಲಾಕೆ ಹಿಡಿದು ಬಂದ. ಕಾಯಿ ಸುಲಿಯುವ ಸಲಾಕೆ. ಅವನು ಎಂಜಿನ್ನಿನ ಹತ್ತಿರ ಹೋಗಲು ನೋಡಿದ, ಸುಧಾ ಅಡ್ಡ ನಿಂತಳು. ಅವನು ಬೀಸಿದ. ಅವಳ ಮುಂಗೈ ಮುರಿದ ಸದ್ದು ಎಲ್ಲರಿಗೂ ಕೇಳಿತು. ಅವಳು ಬಿದ್ದಳು. ಅವನು ಎರಡನೆಯ ಸಲ ಸಲಾಕೆ ಎತ್ತಿದ.

ಪುಟ್ಟಗಂಗಮ್ಮ ಒಂದೇ ಏಟಿಗೆ ಹ್ಯಾಂಡಲ್ ಹೊಡೆದಳು. ಪೈಪು ಹಾವಿನಂತೆ ಉಬ್ಬಿತು. ನಾಜಲನ್ನು ಅವನ ಎದೆಗೆ ಹಿಡಿದಳು. ನೀರು ಅವನನ್ನು ನೆಲದಿಂದ ಎತ್ತಿ ಕಲ್ಲಿನ ಗೋಡೆಗೆ ಬಡಿಯಿತು. ಸಲಾಕೆ ಎತ್ತಲೋ ಹಾರಿತು. ಅವನು ಬಿದ್ದ. ಅವನು ಬಿದ್ದ ಮೇಲೂ ಅವಳು ನಾಜಲ್ ತಿರುಗಿಸಲಿಲ್ಲ. ಅವನು ಕೆಸರಲ್ಲಿ ಉರುಳಿದ, ನೀರು ಹಿಂದೆ ಹೋಯಿತು. ಬಾಯಿ ತೆರೆದರೆ ಬಾಯಿಗೆ ಹೊಡೆದಳು. ಬೆನ್ನು ತಿರುಗಿಸಿದರೆ ಬೆನ್ನಿಗೆ ಹೊಡೆದಳು. ಅವಳಿಗೆ ಖುಷಿಯೂ ಇರಲಿಲ್ಲ, ಹೆದರಿಕೆಯೂ ಇರಲಿಲ್ಲ. ತೋಳು ಸೇದುತ್ತಿತ್ತು, ಅಷ್ಟೇ ಗೊತ್ತಿತ್ತು. ಸಾಕು ಗಂಗಮ್ಮ ಎಂದು ಹೆಂಗಸರೇ ಎಂಜಿನ್ ಬಂದ್ ಮಾಡಿದರು.

ಫ್ಯಾಕ್ಟರಿ ಪೂರ್ತಿ ಉರಿಯಿತು.

ಈ ಸಲ ಠಾಣೆ ಅವತ್ತೇ ದೂರು ತೆಗೆದುಕೊಂಡಿತು. ಕಿರಣ್‌ಕುಮಾರನ ಭುಜದ ಮೂಳೆ ಮುರಿದಿತ್ತು. ಪುಟ್ಟಗಂಗಮ್ಮನನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋದರು. ಸುಧಾಳ ಕೈ ಮುರಿದದ್ದಕ್ಕೆ ತುಮಕೂರಿನ ವಕೀಲೆಯೊಬ್ಬಳು ಬಂದು ಜಗಳ ಮಾಡಿದ ಮೇಲೆ ಕೇಸು ಹಾಕಿದರು. ಜಾಮೀನು ಸಿಕ್ಕಿ ಪುಟ್ಟಗಂಗಮ್ಮ ಊರಿಗೆ ಬರುವಷ್ಟರಲ್ಲಿ ಕಾಲೋನಿಯವರಿಗೆ ತೋಟದ ಕೂಲಿ ನಿಂತಿತ್ತು. ಅಂಗಡಿಯಲ್ಲಿ ಸಾಮಾನು ಕೊಡುತ್ತಿರಲಿಲ್ಲ. ಪಂಪನ್ನು ಶೆಡ್ಡಿಗೆ ಹಾಕಿ ಹೊಸ ಬೀಗ ಜಡಿದಿದ್ದರು. ದಳ ರದ್ದಾಗಿದೆ ಎಂದು ಷಡಕ್ಷರಿ ಹೇಳಿಸಿದ್ದ.

ಕೆಳಗೆ ಬೆಂಕಿ ಬಿದ್ದದ್ದು ಆ ವಾರವೇ. ಗಂಡಸರು ಶಿಫ್ಟಿಗೆ ಹೋಗಿದ್ದರು. ಹೆಂಗಸರು ಕೆರೆಯ ಆಚೆ ದಡದಲ್ಲಿ ಸೌದೆ ಆಯುತ್ತಿದ್ದರು. ಬೈಕಿನಲ್ಲಿ ಇಬ್ಬರು ಬಂದು ಹೋದರಂತೆ; ಮುಖಕ್ಕೆ ಟವೆಲ್ ಸುತ್ತಿದ್ದರಂತೆ. ಮೊದಲು ಹತ್ತಿದ್ದು ಪುಟ್ಟಗಂಗಮ್ಮನ ಮನೆ. ಒಳಗೆ ವೆಂಕಟಯ್ಯ ಮಲಗಿದ್ದ. ಬಾಗಿಲ ಚಿಲಕವನ್ನು ಹೊರಗಿನಿಂದ ಹಾಕಿದ್ದರು.

ಪುಟ್ಟಗಂಗಮ್ಮ ಏರಿಯ ಮೇಲಿನಿಂದ ಹೊಗೆ ಕಂಡು ಓಡಿ ಬಂದಾಗ ಸೂರು ಕುಸಿಯುತ್ತಿತ್ತು. ಮಾವ ಎಂದು ಕೂಗಿದಳು. ಒಳಗಿಂದ ಒಂದು ಸಲ ಸದ್ದು ಬಂತು. ಬಾಗಿಲು ಒದ್ದಳು, ಉರಿ ಅವಳನ್ನು ಹಿಂದಕ್ಕೆ ಎಸೆಯಿತು. ಹೆಂಗಸರು ಕೆರೆಯಿಂದ ಬಿಂದಿಗೆಯಲ್ಲಿ ತಂದು ಎರಚಿದರು. ಬಿಂದಿಗೆಯ ನೀರು ಅಂಗಳ ದಾಟುತ್ತಿರಲಿಲ್ಲ. ಕೆರೆ ತುಂಬ ನೀರಿತ್ತು. ಪಂಪು ಮೇಲೆ ಬೀಗದೊಳಗಿತ್ತು.

ಅವಳು ಗುದ್ದಲಿ ಎತ್ತಿಕೊಂಡು ಮೇಲಕ್ಕೆ ಓಡಿದಳು. ಹಿಂದೆ ಹೆಂಗಸರು ಓಡಿದರು. ಶೆಡ್ಡಿನ ಮುಂದೆ ಕೂತಿದ್ದ ಬೀದಿಯ ಹುಡುಗರು ಎದ್ದು ನಿಂತರು, ಅವಳ ಮುಖ ನೋಡಿ ಸರಿದರು. ಬೀಗ ಮುರಿಯಲಿಲ್ಲ. ಅವಳು ಬಾಗಿಲ ಕೀಲನ್ನೇ ಕಡಿದಳು. ಟ್ರ್ಯಾಕ್ಟರ್ ಇರಲಿಲ್ಲ. ಟ್ರಾಲಿಯನ್ನು ಎಳೆಯುವ ಮೂಕಿಗೆ ಹೆಂಗಸರೇ ಹೆಗಲು ಕೊಟ್ಟರು. ಇಳಿಜಾರಿನಲ್ಲಿ ಅದು ಅವರನ್ನೇ ತುಳಿಯಲು ಬಂತು. ಹಿಂದೆ ಹಗ್ಗ ಹಿಡಿದು ಜಗ್ಗಿದರು, ಅಂಗಾಲು ಕಿತ್ತುಹೋಯಿತು. ಒಬ್ಬಳ ಕಾಲ ಮೇಲೆ ಗಾಲಿ ಹರಿಯಿತು. ಅವಳು ಕುಂಟುತ್ತಲೇ ಬಂದಳು.

ಪಂಪು ಕಾಲೋನಿಯ ಸಾಲು ಮನೆಗಳನ್ನು ಉಳಿಸಿತು. ಪುಟ್ಟಗಂಗಮ್ಮನ ಮನೆ ಉಳಿಯಲಿಲ್ಲ. ವೆಂಕಟಯ್ಯ ಬಾಗಿಲ ಹಿಂದೆಯೇ ಸಿಕ್ಕಿದ. ಎರಡು ಕೈಯೂ ಬಾಗಿಲನ್ನು ತಳ್ಳುತ್ತಿದ್ದಂತೆಯೇ ಸೆಟೆದಿದ್ದವು.

ತುಮಕೂರಿನಲ್ಲಿ ಕೊಯ್ದು ನೋಡಿ, ಮಾರನೆಯ ಮಧ್ಯಾಹ್ನ ಹೆಣವನ್ನು ಕೊಟ್ಟರು. ಕಾರ್ಖಾನೆಗಳಿಗೆ ಹೋದ ಗಂಡಸರೆಲ್ಲ ಬಂದಿದ್ದರು. ಕಾಲೋನಿಯ ಹೆಣಕ್ಕೆ ಬೇರೆ ದಾರಿ. ಬೀದಿಯನ್ನು ಬಿಟ್ಟು, ಹೊಲದ ಬದುವಿನ ಮೇಲೆ ಸುತ್ತಿಕೊಂಡು, ಹಳ್ಳ ಇಳಿದು ಹತ್ತಿ ಸುಡುಗಾಡಿಗೆ ಹೋಗಬೇಕು. ಬೆಟ್ಟಸ್ವಾಮಿ ಅಪ್ಪನನ್ನು ಚಟ್ಟದ ಮೇಲೆ ಮಲಗಿಸಲು ಬಗ್ಗಿದ. ಪುಟ್ಟಗಂಗಮ್ಮ ತಡೆದಳು. ಪಂಪಿನ ಟ್ರಾಲಿಯ ಮೇಲೆ ಮಲಗಿಸಿ ಅಂದಳು. ಅವನು ಅವಳ ಮುಖ ನೋಡಿದ. ಟ್ರಾಲಿಯ ಮೇಲೆ ಮಲಗಿಸಿದ. ಟ್ರಾಲಿಯನ್ನು ಹೆಂಗಸರು ಎಳೆದರು, ಗಂಡಸರು ಹಿಂದಿನಿಂದ ತಳ್ಳಿದರು. ಅದು ಬದುವಿನ ಕಡೆ ತಿರುಗಲಿಲ್ಲ. ಬೀದಿಯ ಕಡೆ ಹತ್ತಿತು.

ಬೀದಿಯ ಬಾಯಲ್ಲಿ ಷಡಕ್ಷರಿಯೂ ಊರವರೂ ಅಡ್ಡ ನಿಂತಿದ್ದರು. ಪೊಲೀಸರೂ ಇದ್ದರು. ಸಬ್ ಇನ್ಸ್‌ಪೆಕ್ಟರ್ ಮುಂದೆ ಬಂದು, ಗಲಾಟೆ ಬೇಡಮ್ಮ, ಪಂಪು ಸಂಘದ ಆಸ್ತಿ, ಅದನ್ನು ಬಿಟ್ಟು ನಿಮ್ಮ ಮಾಮೂಲಿ ದಾರಿಯಲ್ಲಿ ಹೋಗಿ, ಸುತ್ತು ಹಾಕಿದರೆ ಏನಾಗುತ್ತೆ ಅಂದ.

“ಈ ಬೀದೀಲಿ ಬೆಂಕಿ ಬಿದ್ದಾಗ ನಮ್ಮಾವ ಸುತ್ತು ಹಾಕ್ಕೊಂಡ್ ಬರ್ಲಿಲ್ಲ ಸ್ವಾಮಿ. ನೆಟ್ಟಗೆ ಓಡ್ ಬಂದ. ಇವತ್ತೂ ನೆಟ್ಟಗೇ ಹೋಯ್ತಾನೆ.”

ಅವಳು ನಾಜಲನ್ನು ಕೈಗೆ ತೆಗೆದುಕೊಳ್ಳಲಿಲ್ಲ. ಎಂಜಿನ್ನನ್ನೂ ಮುಟ್ಟಲಿಲ್ಲ. ಮೂಕಿಗೆ ಹೆಗಲು ಕೊಟ್ಟು ಎಳೆದಳು. ಟ್ರಾಲಿ ಭಾರದ್ದು. ಅದು ಮುಂದೆ ಬಂದರೆ ನಿಂತವರು ಸರಿಯಬೇಕು, ಇಲ್ಲ ಗಾಲಿಯಡಿ ಬೀಳಬೇಕು. ಷಡಕ್ಷರಿ ಎರಡೂ ಕೈಯಿಂದ ಮೂಕಿ ಹಿಡಿದ. ಪುಟ್ಟಗಂಗಮ್ಮ ಅವನ ಕೈಯ ಮೇಲೆ ತನ್ನ ಸುಟ್ಟ ತೋಳನ್ನು ಇಟ್ಟು ಅದುಮಿದಳು. ಕೀವು ಅವನ ಬೆರಳಿಗೆ ಅಂಟಿತು. ಅವನು ಥೂ ಎಂದು ಕೈ ತೆಗೆದ. ಟ್ರಾಲಿ ಮುಂದೆ ಸಾಗಿತು. ಎದುರಿನಿಂದ ಕಲ್ಲೊಂದು ಬಂದು ಬೆಟ್ಟಸ್ವಾಮಿಯ ಹಣೆ ಒಡೆಯಿತು. ಅವನು ರಕ್ತ ಒರೆಸಿಕೊಳ್ಳದೆ ತಳ್ಳಿದ. ಎರಡೂ ಕಡೆ ಬಾಗಿಲು, ಕಿಟಕಿ ಪಟಪಟನೆ ಮುಚ್ಚಿಕೊಂಡವು. ವೆಂಕಟಯ್ಯನ ಹೆಣ ತಾನು ನೀರು ಹೊತ್ತ ಒಂದೊಂದು ಮನೆಯ ಮುಂದೆಯೂ ಹಾದು ಸುಡುಗಾಡು ಸೇರಿತು.

ಅವತ್ತು ಸಂಜೆ ಹೆಂಗಸರು ಪಂಪನ್ನು ಶೆಡ್ಡಿಗೆ ಒಯ್ಯಲಿಲ್ಲ. ಕಾಲೋನಿಗೆ ಇಳಿಸಿ, ಸುಟ್ಟ ಮನೆಯ ಪಾಯದ ಮೇಲೆ ನಿಲ್ಲಿಸಿದರು. ಅದನ್ನು ಬಿಡಿಸಿಕೊಂಡು ಹೋಗಲು ಎರಡು ಸಲ ಬಂದರು, ಎರಡು ಸಲವೂ ಹೆಂಗಸರು ಗಾಲಿಯ ಮುಂದೆ ಮಲಗಿದರು. ಕೇಸುಗಳು ನಡೆಯುತ್ತಿವೆ. ಬೈಕಿನಲ್ಲಿ ಬಂದವರು ಯಾರೆಂದು ಊರಿಗೆಲ್ಲ ಗೊತ್ತು, ಠಾಣೆಗೆ ಇನ್ನೂ ಗೊತ್ತಾಗಿಲ್ಲ.

ಸೈರನ್ ಕೂಗಿದರೆ ಈಗ ಕಾಲೋನಿಯಲ್ಲಿ ಯಾರೂ ಏಳುವುದಿಲ್ಲ. ಬೆಂಕಿ ಬಿದ್ದ ಮನೆಯವರು ಕೆಳಗೆ ಇಳಿದು ಬರಬೇಕು. ಪುಟ್ಟಗಂಗಮ್ಮನ ಎದುರು ನಿಂತು ಹೆಸರು ಹಿಡಿದು ಕರೆಯಬೇಕು. ಟ್ರಾಲಿಗೆ ತಾವೂ ಹೆಗಲು ಕೊಟ್ಟು ಏರು ಹತ್ತಬೇಕು.